ಐದನೆಯ ಸಾಮಾನು

ಸೀಲಣ್ಣನ ಮನೆಯ ನಡುಕೋಣೆಯ ಗೋಡೆಯಲ್ಲಿ ಹದಿನಾಲ್ಕು ತೂತುಗಳಿದ್ದವು. ಹದಿನಾಲ್ಕೂ ಕ್ಯಾಲೆಂಡರು ತೂಗುಹಾಕಲು ಹೋಗಿ ಆದವು. ಮದುವೆಯಾದ ವರ್ಷದಿಂದ ಹಿಡಿದು ಪ್ರತಿ ವರ್ಷವೂ ಅವನು ಅಲ್ಲೊಂದು ಮೊಳೆ ಹೊಡೆಯಲು ಹೋಗಿದ್ದ. ಪ್ರತಿ ವರ್ಷವೂ ಮೊಳೆ ಬಗ್ಗಿಯೋ, ಗಾರೆ ಉದುರಿಯೋ, ಹೆಬ್ಬೆರಳು ಜಜ್ಜಿಯೋ ಕಾರ್ಯಕ್ರಮ ಅಲ್ಲಿಗೇ ಮುಗಿದಿತ್ತು. ಹಾಗಾಗಿ ಕ್ಯಾಲೆಂಡರು ಮೂಲೆಯ ಕುರ್ಚಿಯ ಮೇಲೆ ಮನೆಯ ಹಿರಿಯರ ಹಾಗೆ ಕೂತಿರುತ್ತಿತ್ತು. ನೆಂಟರು ಬಂದರೆ ಅದನ್ನು ಎಬ್ಬಿಸಿ ಅವರನ್ನು ಕೂರಿಸಬೇಕು.

"ನಿಮ್ಮ ಕೈಲಿ ಏನೂ ಆಗಲ್ಲ ಬಿಡಿ" ಎಂದು ಹೆಂಡತಿ ಹೇಳುತ್ತಿದ್ದಳು. ಸಿಟ್ಟಿನಿಂದ ಹೇಳಿದ್ದರೆ ಸೀಲಣ್ಣ ತಡೆದುಕೊಳ್ಳುತ್ತಿದ್ದ. ಅವಳು ಹೇಳುತ್ತಿದ್ದುದು ಹಾಲು ಉಕ್ಕಿತು, ಬಾಗಿಲು ಹಾಕಿ ಎನ್ನುವ ದನಿಯಲ್ಲಿ. ಆ ದನಿ ಅವನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಒಂದೇ ಒಂದು ಸಲ ಆಕೆಯ ಬಾಯಿಂದ "ಚೆನ್ನಾಗಿ ಮಾಡಿದ್ದೀರಿ" ಎಂದು ಕೇಳಿಸಿಕೊಂಡರೆ ಅವನ ಜನ್ಮ ಸಾರ್ಥಕವಾಗುತ್ತಿತ್ತು.

ಅವನ ಉದ್ಯೋಗ ತೂಕ ಮತ್ತು ಅಳತೆಯ ಕಚೇರಿಯಲ್ಲಿ. ಊರಿನ ಅಂಗಡಿಗಳ ತಕ್ಕಡಿ, ತೂಕದ ಬಟ್ಟು, ಎಣ್ಣೆಯ ಮಾಪು, ಬಟ್ಟೆಯ ಗಜಕಡ್ಡಿ ಎಲ್ಲವೂ ವರ್ಷಕ್ಕೊಮ್ಮೆ ಅವನ ಮೇಜಿನ ಮುಂದೆ ಹಾಜರಾಗಬೇಕು. ಸರಿಯಾಗಿದ್ದರೆ ಯಂತ್ರದ ಕೆಳಗಿಟ್ಟು ಸನ್ನೆಕೋಲು ಎಳೆಯುತ್ತಾನೆ. ಲೋಹದ ಮೇಲೆ ಸರ್ಕಾರದ ಮುದ್ರೆ, ಜನರ ಬಾಯಲ್ಲಿ ಸೀಲು, ಬೀಳುತ್ತದೆ. ಅಲ್ಲಿಂದಾಚೆ ಅದು ಸರಿ ಎಂದರೆ ಸರಿ. ಸೀಲಣ್ಣ ಎಂಬ ಹೆಸರು ಹೀಗೆ ಬಂದದ್ದು. ಊರಿನವರ ತೂಕಗಳನ್ನೆಲ್ಲ ಅಷ್ಟು ಕಟ್ಟುನಿಟ್ಟಾಗಿ ನೋಡುವ ಮನುಷ್ಯ ತನ್ನ ಮಾತನ್ನು ಮಾತ್ರ ತೂಗಿ ಆಡಿದವನಲ್ಲ.

ಎಲ್ಲ ಶುರುವಾದದ್ದು ಒಂದು ಭಾನುವಾರ, ಮಾವನ ಮನೆಯ ಊಟದ ನಂತರ. ಭಾವಮೈದುನ ಯಾವುದೋ ಕಾಡು ಸುತ್ತುವ ಸಂಘಕ್ಕೆ ಸೇರಿದ್ದ. ಎರಡು ದಿನ ಕಾಡಿನಲ್ಲಿ ಇರಲು ಕೊಂಡ ಸಾಮಾನನ್ನೆಲ್ಲ ತಂದು ಹಾಸಿನ ಮೇಲೆ ಹರಡಿದ. ಇಪ್ಪತ್ತೆರಡು ಜೇಬಿನ ಚೀಲ. ಮಡಚಿದರೆ ಚಮಚ, ಬಿಚ್ಚಿದರೆ ಗರಗಸ. ಹಿಡಿಯೊಳಗೆ ದಿಕ್ಸೂಚಿ ಇರುವ ಚಾಕು. ಅದರ ತಿರುಪನ್ನು ಬಿಚ್ಚಿದರೆ ಒಳಗೆ ಗಾಳ, ಗಾಳದ ಪಕ್ಕ ಸೂಜಿ, ಸೂಜಿಯ ಪಕ್ಕ ಇನ್ನೂ ಏನೋ ಇತ್ತು, ಅದು ಏನೆಂದು ಅವನಿಗೂ ಗೊತ್ತಿರಲಿಲ್ಲ. ಮಾವ ಒಂದೊಂದನ್ನೂ ಎತ್ತಿ ನೋಡಿ "ಶಹಭಾಸ್" ಎಂದರು. ಸೀಲಣ್ಣನ ಹೆಂಡತಿಯೂ ತಮ್ಮನ ಬೆನ್ನು ತಟ್ಟಿದಳು. ಅಲ್ಲಿಗೆ ಸೀಲಣ್ಣನ ಸಹನೆ ಮುಗಿಯಿತು.

"ಇಷ್ಟೆಲ್ಲ ಹೊತ್ಕೊಂಡು ಹೋಗೋನು ಕಾಡಿಗೆ ಹೋಗಲ್ಲ, ಅಂಗಡೀನ ಕಾಡಿಗೆ ಸಾಗಿಸ್ತಾನೆ" ಎಂದ. "ಕಾಡಿಗೆ ಐದೇ ಸಾಮಾನು ಸಾಕು."

ಇದನ್ನು ಅವನು ಕಚೇರಿಗೆ ಯಾರೋ ಬಟ್ಟು ಸುತ್ತಿ ತಂದಿದ್ದ ಹಳೆಯ ಪತ್ರಿಕೆಯ ತುಂಡಿನಲ್ಲಿ ಓದಿದ್ದ.

"ಯಾವ ಐದು ಭಾವ?" ಎಂದ ಭಾವಮೈದುನ.

"ಕೊಯ್ಯೋಕೆ ಒಂದು, ಕಡಿಯೋಕೆ ಒಂದು, ಕಟ್ಟೋಕೆ ಒಂದು, ಹೊತ್ತಿಸೋಕೆ ಒಂದು" ಎಂದು ಸೀಲಣ್ಣ ಬೆರಳು ಮಡಚಿದ. ಅಲ್ಲಿಗೆ ಪತ್ರಿಕೆ ಹರಿದಿತ್ತು.

"ಐದನೇದು?" ಎಂದರು ಮಾವ.

ಸೀಲಣ್ಣ ತನ್ನ ಮಡಚದೆ ಉಳಿದ ಬೆರಳನ್ನು ನೋಡಿದ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. "ಕೈ. ಮಿಕ್ಕ ನಾಲ್ಕನ್ನೂ ಮಾಡೋ ಕೈ. ಅವನ್ನ ಕೊಂಡ್ಕೊಂಡ್ರೆ ಆಗಲ್ಲ ಮಾವ, ನಾವೇ ಮಾಡ್ಕೋಬೇಕು."

"ನೀವು ಮಾಡಿದ್ದೀರಾ ಅಳಿಯಂದಿರೇ?"

"ಮಾಡ್ದೆ ಮತ್ತೆ? ಎಷ್ಟೋ ವರ್ಷದಿಂದ ಮಾಡ್ತಿದ್ದೀನಿ."

ಹದಿನಾಲ್ಕು ತೂತುಗಳನ್ನು ಬಲ್ಲ ಹೆಂಡತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹಾಗಾದ್ರೆ ಬರೋ ಭಾನುವಾರ ತನ್ನಿ, ಕಣ್ಣು ತುಂಬ ನೋಡೋಣ" ಎಂದು ಮಾವ ತೀರ್ಪು ಕೊಟ್ಟರು.

ಸೋಮವಾರದಿಂದ ಸೀಲಣ್ಣ ಹಿತ್ತಲಿನಲ್ಲಿ ಕೂತ. ಮೊದಲು ಸುಲಭದ್ದು ಎಂದು ಒಂದು ಮರದ ಸೌಟಿಗೆ ಕೈ ಹಾಕಿದ. ಸೌದೆಯಲ್ಲಿ ನೆಟ್ಟಗಿದ್ದ ತುಂಡೊಂದನ್ನು ಆರಿಸಿ, ಅಡುಗೆಮನೆಯ ಚಾಕುವಿನಿಂದ ಗುರುವಾರದವರೆಗೆ ಹೆರೆದ. ಸೌಟಿನ ತಲೆ ತುಂಡಾಯಿತು, ಕುತ್ತಿಗೆ ಸೊಟ್ಟಗಾಯಿತು, ಬಟ್ಟಲು ಇರಬೇಕಾದಲ್ಲಿ ನಾಲ್ಕು ಹಲ್ಲುಗಳಂತಹವು ಮೂಡಿದವು. ಪಕ್ಕದ ಮನೆಯ ಮುದುಕ ಗೋಡೆಯಾಚೆಯಿಂದ ಇಣುಕಿ, "ಚೆನ್ನಾಗಿದೆ, ಬೆನ್ನು ಕೆರ್ಕೊಳ್ಳೋಕೆ ನನಗೂ ಒಂದು ಮಾಡ್ಕೊಡಿ" ಎಂದ. ಹಗ್ಗ ಹೊಸೆಯಲು ಹೋದರೆ ನಾರು ಹೊಸೆದಷ್ಟೂ ಬಿಚ್ಚಿಕೊಂಡಿತು. ಶುಕ್ರವಾರದ ಹೊತ್ತಿಗೆ ಎರಡು ಕೈಯ ಏಳು ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡಿದ್ದ ಸೀಲಣ್ಣ ಇನ್ನು ಮರ್ಯಾದೆ ಉಳಿಯಬೇಕಾದರೆ ಗುಜರಿ ಅಂಗಡಿಯೇ ಗತಿ ಎಂಬ ತೀರ್ಮಾನಕ್ಕೆ ಬಂದ.

ಶನಿವಾರ ಮಧ್ಯಾಹ್ನ ಕಚೇರಿಗೆ ಅರ್ಧ ದಿನ ರಜೆ. ಬೀದಿ ಬಿಕೋ ಎನ್ನುತ್ತಿತ್ತು. ಗುಜರಿ ಅಂಗಡಿಯಲ್ಲಿ ರೆಕ್ಕೆ ಇಲ್ಲದ ಫ್ಯಾನುಗಳು, ಕೀಲಿ ಉದುರಿದ ಟೈಪ್‌ರೈಟರುಗಳು, ಮುಖ ನೋಡಿಕೊಳ್ಳಲು ಆಗದಷ್ಟು ಮಾಸಿದ ಕನ್ನಡಿಗಳು. ಅವುಗಳ ನಡುವೆ ಗುಜರಿಯವ ಸ್ಟೂಲಿನ ಮೇಲೆ ಕೂತಿದ್ದ.

"ಕೈಯಲ್ಲಿ ಮಾಡಿದ ಹಳೇ ಸಾಮಾನು ಏನಾದ್ರೂ ಇದೆಯಾ? ಚಾಕು, ಕೊಡಲಿ ಥರದ್ದು?"

ಗುಜರಿಯವ ಗಿರಾಕಿಯ ಮುಖ ನೋಡಲಿಲ್ಲ. ಅವನ ಎಡಗೈಯನ್ನು ನೋಡಿದ. ಆಮೇಲೆ ಎದ್ದು ಹೋಗಿ, ಮೇಣ ಸವರಿದ ದಪ್ಪ ಬಟ್ಟೆಯ ಸುರುಳಿಯೊಂದನ್ನು ತಂದು ಬಿಚ್ಚಿದ. ಒಳಗೆ ಸಾಲಾಗಿ ಐದು ಜೇಬುಗಳು. ಮೊದಲನೆಯದರಲ್ಲಿ ಗೇಣುದ್ದದ ಚಾಕು, ಹಿಡಿಯ ಕುತ್ತಿಗೆಗೆ ಹಿತ್ತಾಳೆಯ ಪಟ್ಟಿ. ಎರಡನೆಯದರಲ್ಲಿ ಕೈಗೊಡಲಿ. ಮೂರನೆಯದರಲ್ಲಿ ತೊಗಟೆಯ ನಾರಿನ ಹಗ್ಗ. ನಾಲ್ಕನೆಯದರಲ್ಲಿ ಚಕಮಕಿ ಕಲ್ಲು ಮತ್ತು ಉಕ್ಕಿನ ತುಂಡು. ಐದನೆಯದು ಖಾಲಿ. ಕೊಯ್ಯಲು, ಕಡಿಯಲು, ಕಟ್ಟಲು, ಹೊತ್ತಿಸಲು! ಸೀಲಣ್ಣನಿಗೆ ದೇವರೇ ಪ್ರತ್ಯಕ್ಷನಾದಂತಾಯಿತು.

"ಎಷ್ಟಾಗುತ್ತೆ?"

"ಇದನ್ನ ಮಾರಲ್ಲ. ತಗೊಂಡು ಹೋಗಿ."

"ಬೇಡ ಅನ್ನಿಸಿದ್ರೆ ವಾಪಸ್ ತರ್ಬಹುದಾ?"

"ಮೂರು ಸಲ ವಾಪಸ್ ಬಂದಿದೆ."

"ತಂದುಕೊಟ್ಟೋರು ಪ್ರಾಮಾಣಿಕರು ಬಿಡಿ."

"ತಗೊಂಡು ಹೋದೋರು ಯಾರೂ ತಂದುಕೊಡ್ಲಿಲ್ಲ" ಎಂದ ಗುಜರಿಯವ. "ಸಾಮಾನು ಬಂತು, ಅಷ್ಟೇ."

ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಒಂದೆರಡು ಪ್ರಶ್ನೆ ಕೇಳುತ್ತಿದ್ದರು. ಬಿಟ್ಟಿ ಸಿಕ್ಕಿದ ಸಂತೋಷದಲ್ಲಿ ಸೀಲಣ್ಣ ಕೇಳಿದ್ದು ಒಂದೇ. "ಈ ಐದನೇ ಜೇಬಿನದು ಎಲ್ಲಿ?"

"ಅದನ್ನ ನೀವೇ ಹಾಕ್ಕೋಬೇಕು. ಎಲ್ಲರೂ ಹಾಗೇ ಮಾಡಿದ್ದು."

ಜೇಬಿನೊಳಗೆ ಏನಾದರೂ ಸಿಕ್ಕಿಹಾಕಿಕೊಂಡಿದೆಯೇ ಎಂದು ಸೀಲಣ್ಣ ಎಡಗೈ ತೂರಿಸಿ ನೋಡಿದ. ಏನೂ ಇರಲಿಲ್ಲ. ಆದರೆ ಜೇಬು ಒಳಗೆ ಬೆಚ್ಚಗಿತ್ತು, ಯಾರೋ ಆಗತಾನೆ ಕೈ ಹೊರಗೆ ತೆಗೆದ ಹಾಗೆ.

ಅಲ್ಲಿಂದ ಅವನು ನೇರ ಕಚೇರಿಗೆ ಬಂದ. ಚಾಕುವಿನ ಹಿತ್ತಾಳೆ ಪಟ್ಟಿಯ ಮೇಲೆ ಮೂರು ಸಣ್ಣ ಗೀರುಗಳಿದ್ದವು, ಮಾಡಿದವನ ಗುರುತು. ಅದು ಕಂಡರೆ ಬಣ್ಣ ಬಯಲಾಗುವುದು ಖಚಿತ. ಆಗ ಸೀಲಣ್ಣ, ಇಡೀ ಊರಿನಲ್ಲಿ ಅವನೊಬ್ಬನೇ ಮಾಡಬಹುದಾದ ತಪ್ಪನ್ನು ಮಾಡಿದ. ಚಾಕುವನ್ನು ಯಂತ್ರದ ಕೆಳಗಿಟ್ಟು, ಮೂರು ಗೀರುಗಳ ಮೇಲೆಯೇ ಸರ್ಕಾರದ ಮುದ್ರೆ ಒತ್ತಿದ. ಕೊಡಲಿಯ ಕುತ್ತಿಗೆಯ ಪಟ್ಟಿಗೂ ಒತ್ತಿದ. ಖಾಲಿ ಕಚೇರಿಯಲ್ಲಿ ಸನ್ನೆಕೋಲು ಎಳೆದ ಸದ್ದು ಎರಡು ಸಲ ಆಗಬೇಕಿತ್ತು. ಮೂರು ಸಲ ಆಯಿತು. ಅವನು ತಿರುಗಿ ನೋಡಿದ. ತಕ್ಕಡಿಗಳ ತಟ್ಟೆಗಳು ಸುಮ್ಮನೆ ತೂಗಾಡುತ್ತಿದ್ದವು. ಗಾಳಿ ಇರಬೇಕು ಎಂದುಕೊಂಡ. ಕಿಟಕಿಗಳೆಲ್ಲ ಮುಚ್ಚಿದ್ದವು.

ಭಾನುವಾರ ಮಾವನ ಮನೆಯಲ್ಲಿ ಸುರುಳಿ ಬಿಚ್ಚಿದಾಗ ಭಾವಮೈದುನನ ಮುಖ ಸಪ್ಪೆಯಾಯಿತು. ಮಾವ ಚಾಕುವನ್ನು ಕೈಗೆತ್ತಿಕೊಂಡು ಹಿಡಿದು ನೋಡಿದರು, ತಿರುಗಿಸಿ ಹಿಡಿದು ನೋಡಿದರು, ಹುಬ್ಬು ಗಂಟಿಕ್ಕಿದರು.

"ಇದು ಕೈಗೆ ಕೂರ್ತಾ ಇಲ್ಲವಲ್ಲ?"

"ಎಡಗೈಲಿ ಹಿಡೀರಿ ಅಪ್ಪ" ಎಂದಳು ಸೀಲಣ್ಣನ ಹೆಂಡತಿ.

ಎಡಗೈಯಲ್ಲಿ ಹಿಡಿದರು. ಕೂತಿತು. ಆದರೆ ಹಿಡಿಯಲ್ಲಿ ಬೆರಳು ಕೂರುವ ಗುಣಿಗಳು ಮೂರೇ ಇದ್ದವು. ಕಿರುಬೆರಳು ಎಲ್ಲಿ ಹೋಗಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಂತಿತು.

"ಎಡಗೈಗೆ ಯಾಕೆ? ಮೂರೇ ಬೆರಳಿಗೆ ಯಾಕೆ?"

ಸೀಲಣ್ಣ ತನ್ನ ಎಡಗೈ ಎತ್ತಿ ಹಿಡಿದ. "ಕಾಡಲ್ಲಿ ಬಲಗೈಗೆ ಬೇರೆ ಕೆಲಸ ಇರುತ್ತೆ ಮಾವ. ಕೊಂಬೆ ಹಿಡ್ಕೋಬೇಕು, ಬಿದ್ರೆ ಊರ್ಕೋಬೇಕು. ಹಂಗಾಗಿ ಚಾಕು ಯಾವಾಗ್ಲೂ ಎಡಗೈಗೆ. ಕಿರುಬೆರಳು ಇದೆಯಲ್ಲ, ಅದು ಸೋಮಾರಿ. ಅದನ್ನ ಮಡಚಿಟ್ರೆ ಮಿಕ್ಕ ಮೂರೂ ಬಿಗಿಯಾಗಿ ಕೆಲಸ ಮಾಡ್ತವೆ."

ಮಾವ ತಾವೂ ಕಿರುಬೆರಳು ಮಡಚಿ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ? ಇದು ಅನುಭವ. ನಿನ್ನ ಇಪ್ಪತ್ತೆರಡು ಜೇಬಲ್ಲಿ ಇದು ಎಲ್ಲಾದ್ರೂ ಇದೆಯಾ?" ಎಂದರು. ಮುದ್ರೆಯನ್ನು ನೋಡಿದ ಮೇಲಂತೂ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ದಾರಿಯಲ್ಲಿ ಹೆಂಡತಿ ಮೆಲ್ಲಗೆ, "ನಿಜವಾಗ್ಲೂ ನೀವೇ ಮಾಡಿದ್ದಾ?" ಎಂದು ಕೇಳಿದಳು. ಅವಳ ಕಣ್ಣಲ್ಲಿ ಹದಿನಾಲ್ಕು ವರ್ಷ ಕಾಣದ ಬೆಳಕಿತ್ತು. ಆ ಬೆಳಕನ್ನು ಆರಿಸುವ ಎದೆಗಾರಿಕೆ ಸೀಲಣ್ಣನಿಗೆ ಎಲ್ಲಿಂದ ಬರಬೇಕು?

"ನಾನೇ" ಎಂದ.

ಮಾತು ಸುಳ್ಳಾಗಬಾರದು ಎಂದು ಅವನು ಅಂದಿನಿಂದ ಎಡಗೈ ಬಳಸತೊಡಗಿದ. ಕಿರುಬೆರಳು ಮಡಚಿ ಛತ್ರಿ ಹಿಡಿದ, ಬಾಗಿಲು ತೆಗೆದ, ತಲೆ ಬಾಚಿಕೊಂಡ. ಮೊದಲ ದಿನ ಕಷ್ಟವಾಯಿತು. ಎರಡನೇ ದಿನ ಆಗಲಿಲ್ಲ. ಮೂರನೇ ದಿನ ಬೆರಳನ್ನು ಬಿಡಿಸಲು ಮರೆತೇಹೋಯಿತು.

ಹೆಂಡತಿ ಸುಮ್ಮನಿದ್ದಾಳೆಯೇ? ಬೀದಿಯ ಈ ತುದಿಯಿಂದ ಆ ತುದಿಗೆ ಡಂಗುರ ಸಾರಿದಳು. ಬುಧವಾರ ಬೆಳಿಗ್ಗೆ ಎದುರು ಸಾಲಿನ ಬಡಗಿ ಸಾಮಾನು ನೋಡಲು ಬಂದ. ಕ್ಯಾಲೆಂಡರನ್ನು ಎಬ್ಬಿಸಿ ಅವನನ್ನು ಕೂರಿಸಿದ್ದಾಯಿತು. ಬಡಗಿ ಕೊಡಲಿಯನ್ನು ಎತ್ತಿಕೊಂಡು, ಅಲಗಿನ ತೂತಿನಲ್ಲಿ ಮರದ ಹಿಡಿ, ಅಂದರೆ ಕಾವು, ಕೂತಿದ್ದ ಜಾಗವನ್ನು ನೋಡಿದ. ನೋಡುತ್ತ ನೋಡುತ್ತ ಅವನ ಮುಖ ಬಿಳಿಚಿಕೊಂಡಿತು.

"ಸೀಲಣ್ಣ, ಕಾವು ಅಲ್ಲಾಡದೇ ಇರ್ಲಿ ಅಂತ ಬೆಣೆ ಹೊಡೀತೀವಲ್ಲ, ಎಲ್ಲರೂ ನೇರ ಹೊಡೀತಾರೆ. ಇದು ಓರೆಯಾಗಿದೆ. ಹೀಗೆ ಓರೆಯಾಗಿ ಹೊಡೆಯೋನು ಒಬ್ಬನೇ ಇದ್ದ. ಎಡಚ ಅಂತಿದ್ವಿ. ನನ್ನ ಹೆಂಡತಿಯ ತಮ್ಮ."

"ಇದ್ದ ಅಂದ್ರೆ?" ಎಂದ ಸೀಲಣ್ಣ.

"ನಮ್ಮ ಅಂಗಡೀಲೇ ಕೆಲಸ. ಎಡಗೈ ಕಿರುಬೆರಳು ಗರಗಸಕ್ಕೆ ಹೋಗಿತ್ತು. ಹನ್ನೊಂದು ವರ್ಷದ ಹಿಂದೆ, ನಾನೇ ಮಾಡಿದ್ದು ಬಿಟ್ಟು ಬೇರೆ ಏನೂ ಒಯ್ಯಲ್ಲ ಅಂತ ಕಾಡಿಗೆ ಹೋದ. ಬರ್ಲಿಲ್ಲ. ಹುಡುಕಿಸಿದ್ವಿ, ಒಂದು ಗುಂಡಿ ಕೂಡ ಸಿಗ್ಲಿಲ್ಲ." ಬಡಗಿ ಸೀಲಣ್ಣನ ಕೈಯನ್ನು ದಿಟ್ಟಿಸಿದ. ಕಿರುಬೆರಳು ಮಡಚಿಯೇ ಇತ್ತು. "ಇದನ್ನ ನೀವು ಮಾಡಿದ್ದೀರಿ ಅಂದ್ಮೇಲೆ ಅವನೇ ಕಲಿಸಿರ್ಬೇಕು. ಅವನು ಕಲಿಸಿದ ಅಂದ್ಮೇಲೆ ಅವನು ಬದುಕಿದಾನೆ! ಹೌದು ತಾನೆ? ಹೇಳಿ ಸೀಲಣ್ಣ!"

ನಿಜ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬರಲಾರದು. ಸೀಲಣ್ಣ ಬಾಯಿ ತೆರೆದ. ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದ ಹೆಂಡತಿ ಹೆಮ್ಮೆಯಿಂದ ಅವನನ್ನೇ ನೋಡುತ್ತಿದ್ದಳು.

"ಹೂಂ. ಸ್ವಲ್ಪ ತೋರಿಸ್ಕೊಟ್ಟಿದ್ರು" ಎಂದ.

ಬಡಗಿ ಗಳಗಳನೆ ಅತ್ತ. ಆಮೇಲೆ ಚಪ್ಪಲಿಯನ್ನೂ ಮರೆತು ಮನೆಗೆ ಓಡಿದ.

ಬಡಗಿಯಿಂದ ಸುದ್ದಿ ತಿಳಿದು ಮಧ್ಯಾಹ್ನವೇ ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ಹಳೆಯ ಕಡತವೊಂದನ್ನು ಕಂಕುಳಲ್ಲಿಟ್ಟುಕೊಂಡು ತೂಕದ ಕಚೇರಿಗೆ ಬಂದರು. ಸೀಲಣ್ಣನ ಸಾಹೇಬರ ಕೋಣೆಯಲ್ಲಿ ವಿಚಾರಣೆ ಏರ್ಪಟ್ಟಿತು. ಸೀಲಣ್ಣ ಜೊತೆಗೆ ತಂದಿದ್ದ ಸುರುಳಿಯಿಂದ ತೆಗೆದ ಚಾಕು ಮೇಜಿನ ಮೇಲಿತ್ತು.

"ಹನ್ನೊಂದು ವರ್ಷದಿಂದ ಈ ಕಡತ ಮುಚ್ಚಕ್ಕಾಗಿಲ್ಲ" ಎಂದರು ಅಧಿಕಾರಿ. "ಸತ್ತಿದಾನೆ ಅನ್ನೋಕೆ ಹೆಣ ಇಲ್ಲ, ಇದಾನೆ ಅನ್ನೋಕೆ ಆಳಿಲ್ಲ. ಈಗ ನೀವು ಸಿಕ್ಕಿದ್ರಿ. ಆತನನ್ನ ಎಲ್ಲಿ ನೋಡಿದ್ರಿ?"

ಸೀಲಣ್ಣ ಧೈರ್ಯ ಮಾಡಿದ. "ಸಾರ್, ನಿಜ ಹೇಳ್ಬಿಡ್ತೀನಿ. ಈ ಚಾಕು ನಾನು ಮಾಡಿದ್ದಲ್ಲ. ಗುಜರಿ ಅಂಗಡೀದು."

ಸಾಹೇಬರು ಭೂತಗನ್ನಡಿ ತೆಗೆದು ಹಿತ್ತಾಳೆಯ ಪಟ್ಟಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಇದರ ಮೇಲಿರೋ ಮುದ್ರೆ ನಮ್ಮದಲ್ಲವಾ?"

"ನಮ್ಮದೇ ಸಾರ್."

"ನಮ್ಮ ಮುದ್ರೆ ಬಿದ್ದಿರೋ ವಸ್ತು ಸುಳ್ಳಾಗೋಕೆ ಸಾಧ್ಯವಾ? ಯೋಚನೆ ಮಾಡಿ ಹೇಳಿ. ಇದು ಸುಳ್ಳು ಅಂದ್ರೆ ಮುದ್ರೆ ಸುಳ್ಳು. ಮುದ್ರೆ ಸುಳ್ಳು ಅಂದ್ರೆ ಊರಲ್ಲಿರೋ ತಕ್ಕಡಿಗಳೆಲ್ಲ ಸುಳ್ಳು. ನಾಳೆ ಬೆಳಿಗ್ಗೆ ಯಾರೂ ಯಾರಿಗೂ ಒಂದು ಹಿಡಿ ಕಾಳು ಅಳೆಯೋ ಹಾಗಿಲ್ಲ. ನಿಮಗೆ ಕೆಲಸ ಇರಲ್ಲ, ನನಗೂ ಇರಲ್ಲ." ಸಾಹೇಬರು ಕನ್ನಡಿ ಕೆಳಗಿಟ್ಟರು. "ಈಗ ಹೇಳಿ. ನೀವು ಮಾಡಿದ್ದಾ, ಅಲ್ಲವಾ?"

"ನಾನೇ ಮಾಡಿದ್ದು ಸಾರ್" ಎಂದ ಸೀಲಣ್ಣ.

ಅಧಿಕಾರಿ ಕಡತದಲ್ಲಿ 'ಸದರಿ ವ್ಯಕ್ತಿ ಜೀವಂತ, ಕಸುಬು ಕಲಿಸುವುದರಲ್ಲಿ ನಿರತ' ಎಂದು ಬರೆದು ಕೆಳಗೆ ಗೆರೆ ಎಳೆದರು. ಸೀಲಣ್ಣನ ಸಹಿ ಕೇಳಿದರು. ಅವನು ಮಾಡಿದ. ಪೆನ್ನು ಎಡಗೈಯಲ್ಲಿತ್ತು. ಸಹಿ ಅವನದಾಗಿರಲಿಲ್ಲ; ಮೂರು ಸಣ್ಣ ಗೀರುಗಳಾಗಿತ್ತು. ಇಬ್ಬರು ಅಧಿಕಾರಿಗಳೂ ಅದನ್ನು ಗಮನಿಸಲಿಲ್ಲ, ಸಹಿಗಳನ್ನು ಯಾರು ಓದುತ್ತಾರೆ?

ತನ್ನ ಮೇಜಿಗೆ ವಾಪಸು ಬಂದು ಡ್ರಾಯರು ಎಳೆದ. ಹನ್ನೆರಡು ಪೆನ್ಸಿಲುಗಳು ಸಾಲಾಗಿ ಮಲಗಿದ್ದವು, ಎಲ್ಲವನ್ನೂ ಚಾಕುವಿನಿಂದ ಓರೆಯಾಗಿ, ಒಂದೇ ಸಮನಾಗಿ ಹೆರೆಯಲಾಗಿತ್ತು. ಜವಾನನನ್ನು ಕರೆದು ಕೇಳಿದ.

"ನೀವೇ ಅಲ್ವಾ ಸಾರ್ ಊಟದ ಹೊತ್ತಲ್ಲಿ ಕೂತು ಹೆರೀತಿದ್ದಿದ್ದು? ಮೂರು ಸಲ ಮಾತಾಡಿಸಿದೆ, ತಿರುಗಿ ನೋಡ್ಲಿಲ್ಲ ನೀವು" ಎಂದ ಜವಾನ.

ಸೀಲಣ್ಣ ತನ್ನ ಅಂಗಿಯ ಎಡ ತೋಳನ್ನು ನೋಡಿಕೊಂಡ. ಮರದ ಹೊಟ್ಟು ಅಂಟಿತ್ತು. ಸುರುಳಿಯನ್ನು ಬಗಲಲ್ಲಿಟ್ಟುಕೊಂಡು ಗುಜರಿ ಅಂಗಡಿಗೆ ಓಡಿದ. ಬಾಗಿಲಿಗೆ ಬೀಗ ಬಿದ್ದಿತ್ತು. ಗುರುವಾರ ಹೋದ, ಬೀಗ. ಶುಕ್ರವಾರ ಹೋದ, ಬೀಗ. ಬಾಗಿಲ ಸಂದಿಯಿಂದ ಇಣುಕಿದರೆ ಒಳಗೆ ಗುಜರಿಯವ ಸ್ಟೂಲಿನ ಮೇಲೆಯೇ ಕೂತಿದ್ದ. "ಇದನ್ನ ತಗೊಳ್ರೀ!" ಎಂದು ಸೀಲಣ್ಣ ಕೂಗಿದ.

"ತಗೊಂಡು ಹೋದೋರು ಯಾರೂ ತಂದುಕೊಡಲ್ಲ ಅಂತ ಹೇಳಿದ್ನಲ್ಲ" ಎಂದ ಗುಜರಿಯವ ಒಳಗಿನಿಂದ. "ಸಾಮಾನು ಬರೋ ಹೊತ್ತಿಗೆ ಬರುತ್ತೆ."

ಭಾನುವಾರ ಬೆಳಿಗ್ಗೆ ಹೆಂಡತಿ ಸಂಭ್ರಮದಿಂದ ಸುದ್ದಿ ತಂದಳು. "ರೀ, ಬೆತ್ತದಕ್ಕ ಆ ಕುರ್ಚಿ ಕೆಳಗಿಳಿಸಿದಾರಂತೆ!"

ಬೆತ್ತದಕ್ಕ ಬಡಗಿಯ ಹೆಂಡತಿ, ಎಡಚನ ಅಕ್ಕ. ಕುರ್ಚಿಗಳಿಗೆ ಬೆತ್ತ ಹೆಣೆಯುವವಳು. ದೃಷ್ಟಿ ಹೋಗಿ ಆರು ವರ್ಷವಾಗಿದ್ದರೂ ಬೆರಳುಗಳಿಂದಲೇ ಹೆಣೆಯುತ್ತಿದ್ದಳು. ತಮ್ಮ ಮಾಡಿಟ್ಟು ಹೋಗಿದ್ದ ಕುರ್ಚಿಯೊಂದರ ಚೌಕಟ್ಟನ್ನು, ಅವನು ಬಂದ ದಿನ ಹೆಣೆದು ಕೂರಿಸುತ್ತೇನೆ ಎಂದು ಹನ್ನೊಂದು ವರ್ಷದಿಂದ ಅಟ್ಟದಲ್ಲಿ ತೂಗುಹಾಕಿದ್ದಳು. ಅದು ಊರಿಗೆಲ್ಲ ಗೊತ್ತಿತ್ತು. ಈಗ ಅದನ್ನು ಹೆಣೆಯುತ್ತಿದ್ದಾಳೆ. ಯಾಕೆ? ಸೀಲಣ್ಣ ಒಂದು ಸುಳ್ಳು ಹೇಳಿದ್ದರಿಂದ. ಸಾಹೇಬರಿಗೆ, ಮಾವನಿಗೆ ಹೇಳಿದ ಸುಳ್ಳು ಹಾಗೇ ಇರಲಿ. ಆ ಹೆಂಗಸು ಬಾರದವನಿಗೆ ಕುರ್ಚಿ ಹೆಣೆದು ಕಾಯುವುದನ್ನು ಅವನು ನೋಡಲಾರ. ಕೆಲಸ ಹೋದರೂ ಹೋಗಲಿ ಎಂದು ಎದ್ದ.

"ಎಲ್ಲಿಗೆ? ಈ ಮೊಳೆ ಒಂದು ಹೊಡೆದು ಹೋಗಿ" ಎಂದಳು ಹೆಂಡತಿ, ಕ್ಯಾಲೆಂಡರು ಹಿಡಿದು. "ಈಗ ನಿಮ್ಮ ಕೈ ಕುದುರಿದೆಯಲ್ಲ."

"ಬಂದು ಹೊಡೀತೀನಿ" ಎಂದ.

ಬಡಗಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆತ್ತದಕ್ಕ ನೆಲದ ಮೇಲೆ ಕೂತಿದ್ದಳು. ಪಕ್ಕದ ಬೋಗುಣಿಯಲ್ಲಿ ಬೆತ್ತದ ಎಳೆಗಳು ನೆನೆಯುತ್ತಿದ್ದವು. ಕುರ್ಚಿ ಮುಕ್ಕಾಲು ಹೆಣೆದಾಗಿತ್ತು. ಸೀಲಣ್ಣ ಮುಂದೆ ಕೂತು, ಸುರುಳಿಯನ್ನು ನೆಲಕ್ಕಿಟ್ಟು, ಭಾವಮೈದುನನ ಚೀಲದಿಂದ ಹಿಡಿದು ಸಾಹೇಬರ ಭೂತಗನ್ನಡಿಯವರೆಗೆ ಒಂದನ್ನೂ ಬಿಡದೆ ಹೇಳಿದ. "ನನ್ನ ಕೈಲಿ ಏನೂ ಆಗಲ್ಲ ಅಕ್ಕ. ಒಂದು ಸೌಟು ಮಾಡಕ್ಕೆ ಬರಲ್ಲ. ನಿಮ್ಮ ತಮ್ಮನ್ನ ನಾನು ನೋಡೇ ಇಲ್ಲ. ತಪ್ಪಾಯ್ತು" ಎಂದ. ಕಣ್ಣಲ್ಲಿ ನೀರು ಬಂದಿತ್ತು.

ಬೆತ್ತದಕ್ಕನ ಕೈ ನಿಂತಿತು.

"ಯಾವುದು ಸುಳ್ಳು? ಆಗ ಹೇಳಿದ್ದಾ, ಈಗ ಹೇಳ್ತಿರೋದಾ?"

"ಆಗ ಹೇಳಿದ್ದು."

"ಹಾಗಾದ್ರೆ ಒಂದು ಬೆಣೆ ಮಾಡು. ಬೆತ್ತದ ಎಳೆ ಜಾರದ ಹಾಗೆ ತೂತಿಗೆ ಹೊಡೆಯೋ ಬೆಣೆ, ಇಷ್ಟುದ್ದ. ಅವನು ಮಾಡ್ಕೊಡ್ತಿದ್ದ. ಅವನ ಬೆಣೆ ಬಿಟ್ಟು ಬೇರೆ ಯಾರದೂ ನಿಲ್ತಿರ್ಲಿಲ್ಲ. ನಿನಗೆ ಬರುತ್ತೋ ಇಲ್ವೋ ನನ್ನ ಬೆರಳಿಗೆ ಗೊತ್ತಾಗುತ್ತೆ."

ಸೀಲಣ್ಣನಿಗೆ ಎಷ್ಟು ಹಗುರವಾಯಿತೆಂದರೆ ನಗು ಬಂತು. ಕೈಲಾಗದಿರುವುದು ಕೊನೆಗೂ ಒಂದು ಒಳ್ಳೆಯ ಕೆಲಸಕ್ಕೆ ಬರಲಿದೆ! ಚಾಕುವನ್ನು ಬಲಗೈಯಲ್ಲಿ ಹಿಡಿದು, ಮರದ ಚೂರೊಂದನ್ನು ತೆಗೆದುಕೊಂಡು, ಹಾಳುಮಾಡಲು ಸಿದ್ಧನಾದ. ಚಾಕು ಜಾರಿತು. ಇನ್ನೊಮ್ಮೆ ಜಾರಿತು. ಮೂರನೆಯ ಸಲ ಜಾರಲಿಲ್ಲ. ನೋಡಿದರೆ ಅದು ಎಡಗೈಯಲ್ಲಿತ್ತು. ಯಾವಾಗ ಕೈ ಬದಲಾಯಿತು ಎಂದು ಅವನಿಗೆ ತಿಳಿಯಲಿಲ್ಲ. ಹೊಟ್ಟು ತೆಳ್ಳಗೆ ಸುರುಳಿ ಸುರುಳಿಯಾಗಿ ಮಡಿಲಿಗೆ ಬೀಳುತ್ತಿತ್ತು. ನಿಲ್ಲು ಎಂದ. ಕೈ ನಿಲ್ಲಲಿಲ್ಲ. ಕೆಲಸ ಮುಗಿದ ಮೇಲೆ ತಾನಾಗಿ ನಿಂತಿತು.

ಬೆತ್ತದಕ್ಕ ಬೆಣೆಯನ್ನು ತಡವಿದಳು. ಓರೆಯಾಗಿತ್ತು. ತೂತಿಗಿಟ್ಟು ಹೆಬ್ಬೆರಳಿನಿಂದ ಒತ್ತಿದಳು. ನಿಂತಿತು. ಅವಳು ಕೈ ಚಾಚಿ ಅವನ ಎಡಗೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದಳು. "ಒಂದು. ಎರಡು. ಮೂರು. ನಾಲ್ಕು."

ಆಮೇಲೆ ಅವಳ ಕೈ ಅಂಗೈಯ ಅಂಚಿಗೆ ಜಾರಿತು. ಸೀಲಣ್ಣ ಕಣ್ಣು ಪಿಳಿಪಿಳಿ ಬಿಟ್ಟು ನೋಡಿದ. ಕಿರುಬೆರಳು ಇದ್ದಲ್ಲೇ ಇತ್ತು. ಅವಳ ಬೆರಳು ಅದರ ಮೂಲಕವೇ ದಾಟಿಹೋಗಿತ್ತು. ಅವನಿಗೆ ಮುಟ್ಟಿದಂತೆಯೇ ಆಗಲಿಲ್ಲ.

"ಇಷ್ಟು ವರ್ಷ ಎಲ್ಲಿದ್ದೆಯೋ?" ಎಂದಳು ಬೆತ್ತದಕ್ಕ. ಅವಳ ಮುಖ ಬೆಳಗುತ್ತಿತ್ತು.

ನಾನು ಸೀಲಣ್ಣ ಎಂದು ಹೇಳಬೇಕೆಂದು ಅವನು ಬಾಯಿ ತೆರೆದ. "ಬರ್ತಾನೇ ಇದ್ದೆ ಅಕ್ಕ. ಮೂರು ಸಲವೂ ಅರ್ಧ ದಾರೀಲೇ ನಿಂತುಹೋಯ್ತು" ಎಂದು ಬಾಯಿ ಹೇಳಿತು.

ಅವಳು ಕೊನೆಯ ಸಾಲನ್ನು ಹೆಣೆದು ಮುಗಿಸಿದಳು. ಕೂರಲು ಹೇಳಿದಳು. ಅವನು ಕೂತ. ಕುರ್ಚಿ ಅವನ ಅಳತೆಗೇ ಮಾಡಿಟ್ಟ ಹಾಗಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದನೋ, ಎಲ್ಲೋ ಒಂದು ಮೊಳೆ ಹೊಡೆಯುವುದಿದೆ ಎಂಬುದೊಂದು ಮಾತ್ರ ನೆನಪಾಯಿತು.

"ಒಂದು ಸಣ್ಣ ಕೆಲಸ ಇದೆ, ಮುಗಿಸಿ ಬರ್ತೀನಿ."

"ಹೋಗಿ ಬಾ. ಇನ್ನೇನು ಅವಸರ ಇಲ್ಲ" ಎಂದಳು ಬೆತ್ತದಕ್ಕ.

ಬೀದಿಯಲ್ಲಿ ಬಿಸಿಲು ಜೋರಾಗಿತ್ತು. ಪಕ್ಕದ ಮನೆಯ ಮುದುಕ ಕಟ್ಟೆಯ ಮೇಲೆ ಕೂತಿದ್ದ. ಸೀಲಣ್ಣ ನಕ್ಕ. ಮುದುಕ ನಗಲಿಲ್ಲ, ಯಾರು ಬೇಕಿತ್ತು ಎನ್ನುವ ಹಾಗೆ ಕತ್ತು ಚಾಚಿ ನೋಡಿದ. ಮನೆಯ ಬಾಗಿಲು ತೆರೆದೇ ಇತ್ತು. ಹೆಂಡತಿ ಅಡುಗೆಮನೆಯಲ್ಲಿದ್ದಳು. ಕುರ್ಚಿಯ ಮೇಲೆ ಕ್ಯಾಲೆಂಡರು, ಅದರ ಮೇಲೆ ಮೊಳೆ, ಪಕ್ಕದಲ್ಲಿ ಸುತ್ತಿಗೆ. ಅವನು ಸುತ್ತಿಗೆಯನ್ನು ಎಡಗೈಗೆ ತೆಗೆದುಕೊಂಡ. ಹದಿನಾಲ್ಕು ತೂತುಗಳ ನಡುವೆ ಒಳ್ಳೆಯ ಜಾಗ ನೋಡಿ ಒಂದೇ ಏಟು ಹಾಕಿದ. ಮೊಳೆ ತುಸು ಓರೆಯಾಗಿ, ಕಲ್ಲಿನಲ್ಲಿ ಹುಟ್ಟಿದ ಹಾಗೆ ನಿಂತಿತು. ಒಂದು ಚೂರು ಗಾರೆ ಉದುರಲಿಲ್ಲ. ಕ್ಯಾಲೆಂಡರನ್ನು ಎತ್ತಿ ತೂಗುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಎದೆ ತುಂಬಿ ಬಂತು.

ಸದ್ದು ಕೇಳಿ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಗೋಡೆಯನ್ನು ನೋಡಿದಳು, ಮೊಳೆಯನ್ನು ಅಲ್ಲಾಡಿಸಿ ನೋಡಿದಳು, ಆಮೇಲೆ ಅವನ ಕಡೆ ತಿರುಗಿದಳು. ಒಂದು ಹೆಜ್ಜೆ ಹಿಂದಿಟ್ಟು ಮರ್ಯಾದೆಯಿಂದ ನಿಂತಳು.

"ಚೆನ್ನಾಗಿ ಮಾಡಿದ್ದೀರಿ" ಎಂದಳು. "ನಮ್ಮ ಮನೆಯವರೇ ಕಳಿಸಿದ್ರು ಅನ್ಸುತ್ತೆ. ಕೂತ್ಕೊಳ್ಳಿ, ಅವರು ಇನ್ನೇನು ಬರೋ ಹೊತ್ತು."

ಕುರ್ಚಿ ಖಾಲಿಯಿತ್ತು. ಸೀಲಣ್ಣ ಕೂತುಕೊಂಡು, ಅವಳ ಜೊತೆ ತಾನೂ ಬಾಗಿಲ ಕಡೆ ನೋಡುತ್ತ ಕಾದ.